ಗವಸಿನ ಕೆಳಗಿನ ಹಾರ್ಮೋನಿಯಂ

ನನ್ನ ಮೊದಲ ಕ್ಯಾಸೆಟ್ಟಿನ ಒಳಚೀಟಿಯಲ್ಲಿ ನನ್ನ ಹೆಸರಿನ ಎದುರು ‘ಹಾರ್ಮೋನಿಯಂ’ ಎಂದು ಅಚ್ಚಾಗಿದೆ. ನನಗೆ ಹಾರ್ಮೋನಿಯಂ ನುಡಿಸಲು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆ ಕ್ಯಾಸೆಟ್ಟಿನ ಎಂಟೂ ಹಾಡುಗಳನ್ನು ಎಷ್ಟು ಕಿವಿಗೊಟ್ಟು ಕೇಳಿದರೂ ಹಾರ್ಮೋನಿಯಂ ಎಲ್ಲಿಯೂ ಸಿಗುವುದಿಲ್ಲ. ಅದರಲ್ಲಿ ನಾನು ಮಾಡಿದ್ದು ಕಂಪ್ಯೂಟರಿನ ಕೆಲಸ. ತಬಲಾ, ಢೋಲಕ್, ಮಂಜಿರ, ಬಾಸ್ ಎಲ್ಲದರ ಸದ್ದನ್ನೂ ಯಂತ್ರದಲ್ಲೇ ಕೂಡಿಸಿ, ಅಳತೆ ತಪ್ಪದಂತೆ ಹಾಡಿನ ಕೆಳಗೆ ಹಾಸಿದ್ದೆ. ಇವತ್ತು ಈ ಕೆಲಸ ಮಾಡುವವರನ್ನು ಮ್ಯೂಸಿಕ್ ಪ್ರೊಡ್ಯೂಸರ್ ಎನ್ನುತ್ತಾರೆ. ಆಗ ಇದಕ್ಕೊಂದು ಹೆಸರೇ ಇರಲಿಲ್ಲವಾದ್ದರಿಂದ ಅಪ್ಪ ತಮಗೆ ಅನುಕೂಲವಾದ ಹೆಸರು ಕೊಟ್ಟರು.

ಈಗ ನನ್ನನ್ನು ಮಾತಾಡಿಸಲು ಬರುವ ಹುಡುಗಿಯರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಆ ಕಾಲದಲ್ಲಿ ಒಂದು ಹೆಣ್ಣು ಇಂಥ ಕೆಲಸಕ್ಕೆ ಇಳಿದಾಗ ಮನೆಯಲ್ಲಿ ವಿರೋಧ ಇರಲಿಲ್ಲವೇ? ಇರಲಿಲ್ಲ ಎನ್ನುತ್ತೇನೆ. ಅವರಿಗೆ ನಿರಾಸೆಯಾಗುತ್ತದೆ. ಹೋರಾಡಿ ಗೆದ್ದ ಕಥೆ ಬೇಕಾಗಿರುತ್ತದೆ ಅವರಿಗೆ. ಒಂದು ಕಾಲದಲ್ಲಿ ನಾನೂ ಅದನ್ನೇ ನಂಬಿದ್ದೆ, ಅಪ್ಪನ ಜೊತೆ ಹೋರಾಡಿದೆ, ಗೆದ್ದೆ ಅಂತ. ಗೆದ್ದದ್ದು ಹೇಗೆ ಎಂದು ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆ.

ಅಪ್ಪ ಉಡುಪಿ ಕಡೆಯಿಂದ ಬ್ಯಾಂಕಿನ ಕ್ಲಾರ್ಕ್ ಆಗಿ ಕಲಕತ್ತೆಗೆ ಬಂದವರು. ನಮ್ಮ ಮನೆ ಇದ್ದದ್ದು ಲೇಕ್ ಮಾರ್ಕೆಟ್ಟಿನಿಂದ ಐದು ನಿಮಿಷದ ದಾರಿಯಲ್ಲಿ, ಎರಡನೇ ಮಹಡಿಯಲ್ಲಿ. ನಾನು ಒಬ್ಬಳೇ ಮಗಳು. ಹುಟ್ಟಿದ್ದು, ಬೆಳೆದದ್ದು ಅಲ್ಲೇ. ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತಿತ್ತು, ಮಾತಾಡಲು ಹೋದರೆ ನಡುವೆ ಬಂಗಾಳಿ ಬಂದು ಕೂರುತ್ತಿತ್ತು. ಓದಲು ಬರೆಯಲು ಕಲಿಸಿದ್ದು ಅಮ್ಮ, ಊರಿನಿಂದ ತಡವಾಗಿ ಬರುತ್ತಿದ್ದ ವಾರಪತ್ರಿಕೆಗಳಿಂದ. ನನ್ನ ಕನ್ನಡ ಇವತ್ತಿಗೂ ಸ್ವಲ್ಪ ಹಳೆಯ ವಾರಪತ್ರಿಕೆಯ ಹಾಗೆಯೇ ಇದೆ ಎಂದು ಊರಿನ ನೆಂಟರು ತಮಾಷೆ ಮಾಡುತ್ತಾರೆ.

ಕಲಕತ್ತೆಗೆ ದಕ್ಷಿಣದವರೆಲ್ಲ ಮದ್ರಾಸಿಗಳು. ಉಡುಪಿ ಎಲ್ಲಿದೆ ಎಂದು ಹೇಳಿ ಹೇಳಿ ಸೋತು ಅಪ್ಪನೂ ಮದ್ರಾಸಿ ಎಂದು ಒಪ್ಪಿಕೊಂಡಿದ್ದರು. ಅಂಥ ಮನುಷ್ಯನನ್ನು ಶಾಖೆಯ ಬಂಗಾಳಿಗಳೆಲ್ಲ ಸೇರಿ ಯೂನಿಯನ್ನಿನ ಕಾರ್ಯದರ್ಶಿಯಾಗಿ ಆರಿಸಿದ್ದರು. ಅಪ್ಪನಿಗೆ ಅದಕ್ಕಿಂತ ದೊಡ್ಡ ಗೌರವ ಬದುಕಿನಲ್ಲಿ ಬೇರೆ ಸಿಕ್ಕಿರಲಿಲ್ಲ. ಹೆಸರು ಸೂಚಿಸಿದ್ದು ಅಪ್ಪನ ಆಪ್ತ ಗೆಳೆಯ, ಅದೇ ಶಾಖೆಯ ಕ್ಯಾಶಿಯರ್. ನಾನು ಅವರನ್ನು ಕಾಕು ಎನ್ನುತ್ತಿದ್ದೆ, ಬಂಗಾಳಿಯಲ್ಲಿ ಚಿಕ್ಕಪ್ಪ. ಅವರೂ ಅಪ್ಪನೂ ಒಬ್ಬರಿಗೊಬ್ಬರು ‘ದಾದಾ’, ಅಂದರೆ ಅಣ್ಣ. ಮದ್ರಾಸಿಗೆ ಮನೆ ಕೊಡುವುದಿಲ್ಲ ಎಂದವರ ಹತ್ತಿರ ಹೊಣೆ ನಿಂತು ನಮಗೆ ಈ ಮನೆ ಕೊಡಿಸಿದವರೂ ಅವರೇ. ಯೂನಿಯನ್ನಿನ ಮೇಳದಲ್ಲಿ ಹಾಡುತ್ತಿದ್ದರು, ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಿದ್ದರು.

ಆ ವರ್ಷಗಳಲ್ಲಿ ಬ್ಯಾಂಕ್ ನೌಕರರು ಎದೆಯ ಮೇಲೆ ಬ್ಯಾಡ್ಜು ಚುಚ್ಚಿಕೊಂಡು ಕಂಪ್ಯೂಟರ್ ಬೇಡ ಎಂದು ಕೂಗುತ್ತಿದ್ದರು. ಊರಿನ ಗೋಡೆಗಳ ಮೇಲೆಲ್ಲ ಅದೇ ಬರಹ. ಊಟದ ಬಿಡುವಿನಲ್ಲಿ ಶಾಖೆಯ ಗೇಟಿನ ಬಳಿ ಅಪ್ಪ ಮೈಕ್ ಹಿಡಿದು, ತಮ್ಮ ಕರಾವಳಿಯ ನಾಲಿಗೆಯ ಬಂಗಾಳಿಯಲ್ಲಿ, ಒಂದು ಯಂತ್ರ ಒಳಗೆ ಬಂದರೆ ಹತ್ತು ಜನರ ಕೈ ಖಾಲಿಯಾಗುತ್ತದೆ ಎಂದು ಹೇಳುತ್ತಿದ್ದರು. ಕಾಲೇಜಿನಿಂದ ಬರುವಾಗ ಒಮ್ಮೆ ಎದುರಿನ ಫುಟ್‌ಪಾತಿನಲ್ಲಿ ನಿಂತು ಕೇಳಿದ್ದೇನೆ. ಜನ ನಗದೆ ಕೇಳುತ್ತಿದ್ದರು. ಅಪ್ಪನ ಉಚ್ಚಾರಕ್ಕೆ ಯಾರೂ ನಗಲಿಲ್ಲ ಎನ್ನುವುದೇ ನನಗೆ ಆಶ್ಚರ್ಯವಾಗಿತ್ತು.

ಅಂಥ ಮನೆಗೆ ಕಂಪ್ಯೂಟರ್ ಬಂತು. ತಂದವನು ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ. ಗಣಿತ ಓದುತ್ತಿದ್ದಾಳೆ, ಹಾಡಿನ ಹುಚ್ಚೂ ಇದೆ ಎಂದು ಯಾವುದೋ ಬಂದರಿನಿಂದ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೆ ಜೋಡಿಸುವ ಜಪಾನಿನ ಸಂಗೀತದ ಕೀಬೋರ್ಡು, ಒಂದು ಹಿಡಿ ವೈರು ತಂದುಕೊಟ್ಟು ಹೋದ. ಮನೆಯ ಟೀವಿಗೆ ವೈರು ಚುಚ್ಚಿದರೆ ಪರದೆಯ ಮೇಲೆ ಚೌಕಗಳು ಮೂಡುತ್ತಿದ್ದವು. ಒಂದೊಂದು ಚೌಕ ತುಂಬಿದರೆ ಒಂದೊಂದು ಪೆಟ್ಟು. ಪುಸ್ತಕ ನೋಡಿಕೊಂಡು ಕಲಿತೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಆ ಚೌಕಗಳಲ್ಲಿ ಕಹರ್ವಾ, ದಾದ್ರಾ ತಾಳಗಳೆರಡೂ ನಡೆಯತೊಡಗಿದವು.

ಅಪ್ಪ ಅದನ್ನು ಎಸೆಯಲಿಲ್ಲ. ಬೈಯಲೂ ಇಲ್ಲ. ಮೊದಲ ದಿನ ಪಕ್ಕದಲ್ಲಿ ಕೂತು ಬಹಳ ಹೊತ್ತು ಕೇಳಿ, “ಚಂದ ಉಂಟು” ಎಂದರು. ಆಮೇಲೆ ಬಾಗಿಲು ಹಾಕಿಬಂದು ಕೂತರು.

“ನೋಡು ಮಗಾ, ಗೇಟಿನಲ್ಲಿ ಕಂಪ್ಯೂಟರ್ ಬೇಡ ಅಂತ ಬೊಬ್ಬೆ ಹೊಡಿಯುದು ನಾನು. ಮನೆಯಲ್ಲಿ ಅದೇ ಇದ್ರೆ ಜನ ಎಂತ ಹೇಳ್ಬಹುದು?”

“ಇದು ಲೆಕ್ಕದ ಕಂಪ್ಯೂಟರ್ ಅಲ್ಲ ಅಪ್ಪ.”

“ಅದು ನಿನಗೆ ಗೊತ್ತು, ನನಗೆ ಗೊತ್ತು. ಪೋಸ್ಟರ್ ಬರಿಯುವವರಿಗೆ ಗೊತ್ತುಂಟಾ?”

ಉಪಾಯ ಹೊಳೆದದ್ದು ಅಮ್ಮನಿಗೆ. ಬಂಗಾಳಿಗಳ ಮನೆಯಲ್ಲಿ ಹೆಣ್ಣುಮಗಳಿದ್ದರೆ ಮುಂದಿನ ಕೋಣೆಯಲ್ಲಿ ಬಟ್ಟೆಯ ಗವಸು ಹೊದ್ದ ಒಂದು ಹಾರ್ಮೋನಿಯಂ ಇದ್ದೇ ಇರುತ್ತದೆ. ಇಲ್ಲದಿದ್ದರೆ ಜನ ವಿಚಿತ್ರವಾಗಿ ನೋಡುತ್ತಾರೆ. ಅಮ್ಮ ಹಳೆಯ ಪರದೆಯ ಕೆಂಪು ಬಟ್ಟೆಗೆ ತನ್ನದೊಂದು ಸೀರೆಯ ಅಂಚು ಕೂಡಿಸಿ ಗವಸು ಹೊಲಿದಳು. ಎರಡೂ ಬದಿಗೆ ಕಟ್ಟುವ ದಾರ ಇಟ್ಟಳು. ತಗ್ಗಿನ ಮೇಜಿನ ಮೇಲೆ ಕೀಬೋರ್ಡು, ಅದರ ಮೇಲೆ ಕಂಪ್ಯೂಟರ್ ಇಟ್ಟು ಗವಸು ಎಳೆದರೆ ಅಪ್ಪಟ ಹಾರ್ಮೋನಿಯಂ. ಬಂದವರು ಅದನ್ನು ನೋಡಿ, “ಓ, ಮಗಳು ಹಾಡುತ್ತಾಳೆ” ಎಂದು ತಲೆಯಾಡಿಸುತ್ತಿದ್ದರು. ಅಪ್ಪ, “ಸ್ವಲ್ಪ ಸ್ವಲ್ಪ” ಎನ್ನುತ್ತಿದ್ದರು. ಒಂದು ಹಾಡು ಆಗಲಿ ಎಂದರೆ, “ಒಂದು ರೀಡ್ ಹೋಗಿದೆ, ರಿಪೇರಿಗೆ ಕೊಡಬೇಕು” ಎನ್ನುವುದು ಸಿದ್ಧವಾಗಿ ಇರುತ್ತಿತ್ತು.

ತೊಂದರೆ ಕೊಟ್ಟದ್ದು ಲೋಡ್‌ಶೆಡ್ಡಿಂಗ್. ದಿನಕ್ಕೆರಡು ಸಲ ಕರೆಂಟ್ ಹೋಗುತ್ತಿದ್ದ ಕಾಲ. ನನ್ನ ತಾಳ ನಡುವಿನಲ್ಲೇ ಕತ್ತರಿಸಿ ನಿಲ್ಲುತ್ತಿತ್ತು. ಹಾರ್ಮೋನಿಯಂ ಕರೆಂಟಿಗೆ ಯಾಕೆ ಕಾಯಬೇಕು ಎಂದು ಕೆಳಗಿನ ಮನೆಯ ಯಜಮಾನರಿಗೆ ಅನುಮಾನ ಬಂದರೆ? “ಕರೆಂಟ್ ಹೋದ ಕೂಡ್ಲೆ ನೀನು ಬಾಯಲ್ಲಿ ಸ್ವಲ್ಪ ಹಾಡು” ಎಂದು ಅಪ್ಪ ಹೇಳಿಕೊಟ್ಟರು. ನನ್ನ ಕಂಠ ದೇವರಿಗೇ ಪ್ರೀತಿ. ಆದರೂ ಹಾಡುತ್ತಿದ್ದೆ. ಕೊನೆಗೆ ಯಜಮಾನರು ಮೆಟ್ಟಿಲಲ್ಲಿ ಅಪ್ಪನನ್ನು ನಿಲ್ಲಿಸಿ, ನಿಮ್ಮ ಮಗಳು ಕತ್ತಲಾದಾಗ ಮಾತ್ರ ಯಾಕೆ ಹಾಡುತ್ತಾಳೆ ಎಂದು ಕೇಳಿದರಂತೆ. ಆ ದಿನ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅಲ್ಲಿಯವರೆಗೂ ಅದು ಆಟವೇ ಆಗಿತ್ತು, ಮೂವರೂ ಸೇರಿ ಆಡುವ ಆಟ.

ದುರ್ಗಾಪೂಜೆಗೆ ಹೊಸ ಹಾಡುಗಳ ಕ್ಯಾಸೆಟ್ಟು ಹೊರತರುವುದು ಆ ಊರಿನ ಪದ್ಧತಿ. ನನಗೆ ಇಪ್ಪತ್ತೆರಡು ತುಂಬಿದಾಗ ಒಬ್ಬ ಸಂಗೀತ ನಿರ್ದೇಶಕರು, ವಾದ್ಯದವರನ್ನೆಲ್ಲ ಕರೆಸುವಷ್ಟು ಶಕ್ತಿಯಿಲ್ಲ ಎಂದು, ಕಾಲೇಜಿನ ಗೆಳತಿಯ ಮೂಲಕ ನನ್ನ ಸುದ್ದಿ ತಿಳಿದು ಕರೆದರು. ಮೇಜು ಸಮೇತ ಎಲ್ಲವನ್ನೂ ಟ್ಯಾಕ್ಸಿಯಲ್ಲಿ ಸ್ಟುಡಿಯೋಗೆ ಸಾಗಿಸಿದೆವು, ಗವಸು ಹೊದಿಸಿಯೇ. ಎಂಟು ಹಾಡಿಗೆ ಮೂರು ವಾರ ಕೆಲಸ ಮಾಡಿದೆ. ಮುಗಿದಾಗ ನಿರ್ದೇಶಕರು, ಒಳಚೀಟಿಯಲ್ಲಿ ನಿನ್ನ ಹೆಸರನ್ನು ಪ್ರತ್ಯೇಕವಾಗಿ ಹಾಕುತ್ತೇನೆ, ‘ಕಂಪ್ಯೂಟರ್ ತಾಳ ಸಂಯೋಜನೆ’ ಎಂದು ಬರೆಯೋಣ, ಈ ಊರಿನಲ್ಲಿ ಹೀಗೆ ಬರೆಸಿಕೊಂಡವರು ಇನ್ನೂ ಯಾರೂ ಇಲ್ಲ ಎಂದರು. ಅದನ್ನು ಹತ್ತು ಸಲ ಮನಸ್ಸಿನಲ್ಲೇ ಬರೆದುಕೊಂಡು ಮನೆಗೆ ಬಂದು ಹೇಳಿದೆ. ಅಪ್ಪ ತುಂಬ ಸಂತೋಷಪಟ್ಟರು. ಮರುದಿನ, ನನಗೆ ಹೇಳದೆ, ಒಂದು ಡಬ್ಬಿ ಸಂದೇಶ್ ಮಿಠಾಯಿ ಹಿಡಿದುಕೊಂಡು ನಿರ್ದೇಶಕರ ಮನೆಗೆ ಹೋದರು.

ಕ್ಯಾಸೆಟ್ ಕೈಗೆ ಬಂದಾಗ ಅದರಲ್ಲಿ ‘ಹಾರ್ಮೋನಿಯಂ’ ಎಂದಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸಾಮಾನ್ಯವಾಗಿ ಬಂದ ಹಾಗೆ ಇಳಿಯುತ್ತದೆ. ಈ ಸಿಟ್ಟು ಇಳಿಯಲಿಲ್ಲ. ಅಪ್ಪ, “ಆಫೀಸಿನವರಿಗೆ ತೋರಿಸ್ಬೇಕಲ್ಲ ಮಾರಾಯ್ತಿ, ಮುಂದಿನ ಸಲ ನಿನಗೆ ಬೇಕಾದ್ದು ಬರೆಸುವ” ಎಂದರು. ಹತ್ತು ಕ್ಯಾಸೆಟ್ಟು ಚೀಲಕ್ಕೆ ಹಾಕಿಕೊಂಡು ಆಫೀಸಿಗೆ ಹೋದರು. ಸಂಜೆ ಬಂದು ಯಾರು ಯಾರು ಏನೇನು ಹೇಳಿದರು ಎಂದು ಊಟದ ತಟ್ಟೆಯ ಮುಂದೆ ವರದಿ ಒಪ್ಪಿಸಿದರು. ನಾನು ಮಾತಾಡದೆ ಊಟ ಮಾಡಿ ಎದ್ದೆ. ಹಾಗೆ ಒಂದು ವಾರ ಮಾತಾಡಲಿಲ್ಲ.

ಆ ಹತ್ತರಲ್ಲಿ ಒಂದನ್ನು ಕಾಕು ತಮ್ಮ ಮನೆಗೆ ಒಯ್ದು ಕೇಳಿದ್ದರು. ಅವರಿಗೆ ಹಾರ್ಮೋನಿಯಂ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ? ಅಪ್ಪನನ್ನು ಕೇಳಿದರೆ ಅಪ್ಪ ಎಂದಿನ ಉತ್ತರ ಕೊಟ್ಟರು: ರೀಡ್ ಹೋಗಿದೆಯಲ್ಲ, ಅದಕ್ಕೇ ಸದ್ದು ಮೇಲೆ ಬಂದಿಲ್ಲ. ಕಾಕುಗೆ ಪಾಪ ಎನಿಸಿತು. ಒಳ್ಳೆಯ ವಾದ್ಯವಿಲ್ಲದೆ ಹುಡುಗಿಯ ಕೈ ಹಾಳಾಗುತ್ತಿದೆ ಎಂದುಕೊಂಡರು. ಮುಂದಿನ ಭಾನುವಾರ ಬೆಳಗ್ಗೆ, ಯಾರಿಗೂ ಹೇಳದೆ, ಹಾರ್ಮೋನಿಯಂ ರಿಪೇರಿ ಮಾಡುವ ಮುದುಕರೊಬ್ಬರನ್ನು ಕರೆದುಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಒಂದು ಕೈಯಲ್ಲಿ ಸಿಹಿ ಮೊಸರಿನ ಮಡಕೆ ಇತ್ತು.

ಅಪ್ಪ ಮನೆಯಲ್ಲಿರಲಿಲ್ಲ. ಭಾನುವಾರ ತೆಂಗಿನಕಾಯಿ, ಕರಿಬೇವು, ಕಾಫಿಪುಡಿಗೆ ಲೇಕ್ ಮಾರ್ಕೆಟ್ಟಿಗೆ ಹೋದರೆ ನಮ್ಮೂರ ಹೋಟೆಲಿನವರ ಜೊತೆ ಹರಟೆ ಹೊಡೆದು ಬರಲು ಎರಡು ಗಂಟೆ ಬೇಕು. ಅಮ್ಮ ಕಾಫಿ ಮಾಡಲು ಒಳಗೆ ಹೋದಳು. ಹೋಗುವಾಗ ನನ್ನನ್ನೊಮ್ಮೆ ನೋಡಿದಳು. ನಿಭಾಯಿಸು ಎನ್ನುವ ನೋಟ.

ನಿಭಾಯಿಸುವುದು ಕಷ್ಟವಿರಲಿಲ್ಲ. ಅಪ್ಪ ಬರಲಿ ಎನ್ನಬಹುದಿತ್ತು. ಪೆಟ್ಟಿಗೆಯ ಬೀಗದ ಕೈ ಇಲ್ಲ ಎನ್ನಬಹುದಿತ್ತು. ಮೈಲಿಗೆ ಎಂದರೂ ಆ ಇಬ್ಬರು ಗಂಡಸರು ಮಾತಾಡದೆ ಎದ್ದು ಹೋಗುತ್ತಿದ್ದರು. ಇದನ್ನೆಲ್ಲ ಈಗ ಯೋಚಿಸುತ್ತಿಲ್ಲ, ಆಗಲೇ ಯೋಚಿಸಿದ್ದೆ. ಮೂರೂ ನೆಪ ನಾಲಿಗೆಯ ಮೇಲೆ ಬಂದು ನಿಂತಿದ್ದವು. ನಾನು ಎದ್ದು ಎರಡೂ ಬದಿಯ ದಾರ ಬಿಚ್ಚಿ ಗವಸು ತೆಗೆದೆ.

ಮುದುಕರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದರು. ಅಕ್ಷರಗಳಿದ್ದ ಕೀಲಿಗಳ ಮೇಲೆ ಒಂದು ಬೆರಳು ಆಡಿಸಿದರು. ಹಿಂದುಗಡೆ ಕೈಹಾಕಿ ತಡವಿದರು.

“ತಿದಿ ಎಲ್ಲಿದೆ, ಮಾ?” ಎಂದು ಬಂಗಾಳಿಯಲ್ಲಿ, ಮಗಳನ್ನು ಕರೆಯುವ ಹಾಗೆ ಕೇಳಿದರು.

ನಾನು ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಟೀವಿ ಹಾಕಿ, ವೈರು ಚುಚ್ಚಿ, ಕ್ಯಾಸೆಟ್ಟಿನ ಮೊದಲ ಹಾಡಿನ ತಾಳವನ್ನು ಹಚ್ಚಿದೆ. ಅದು ಯಾರ ಕೈಯೂ ಇಲ್ಲದೆ ನಡೆಯತೊಡಗಿತು.

“ಇದಕ್ಕೆ ತಿದಿಯೂ ಇಲ್ಲ, ರೀಡೂ ಇಲ್ಲ” ಎಂದೆ. “ಇದು ಕಂಪ್ಯೂಟರ್, ಕಾಕು. ಅಪ್ಪ ಗೇಟಿನಲ್ಲಿ ಹೇಳುವುದು ಒಂದು, ಮನೆಯಲ್ಲಿ ಇಟ್ಟುಕೊಂಡಿರುವುದು ಒಂದು. ನಿಜ ಹೇಳಲು ನಾಚಿಕೆ ಅವರಿಗೆ.”

ಇದನ್ನು ಶುದ್ಧ ಬಂಗಾಳಿಯಲ್ಲಿ ಹೇಳಿದೆ. ಅಪ್ಪನಿಗೆ ಎಂದೂ ಬಾರದಿದ್ದಂಥ ಬಂಗಾಳಿ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಎರಡು ಲೋಟ ಹಿಡಿದು ನಿಂತಿದ್ದಳು.

ಕಾಕು ಹಾಡಿನ ತಾಳವನ್ನು ಕೊನೆಯವರೆಗೂ ಕೇಳಿದರು. ಕಾಫಿ ಕುಡಿದು ಮುಗಿಸಿದರು. ಆಮೇಲೆ ಎದ್ದು ಬಂದು ಗವಸನ್ನು ತಾವೇ ಎತ್ತಿ ಯಂತ್ರದ ಮೇಲೆ ಹೊದಿಸಿದರು. ದಾರಗಳನ್ನು ಕಟ್ಟಿದರು, ಹಾರ್ಮೋನಿಯಂ ಇಟ್ಟುಕೊಂಡವರು ಕಟ್ಟುವ ಹಾಗೆ, ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟು. “ತಾಳ ಚೆನ್ನಾಗಿದೆ” ಎಂದಷ್ಟೇ ಹೇಳಿದರು. ನನ್ನ ಮುಖ ನೋಡಲಿಲ್ಲ.

ಅವರು ಇಳಿಯುತ್ತಿರುವಾಗ ಅಪ್ಪ ಮೆಟ್ಟಿಲು ಹತ್ತುತ್ತಿದ್ದರು. ಮಾತು ಮೇಲಿನವರೆಗೂ ಕೇಳಿಸಿತು. ಇವತ್ತು ಮೇಸ್ತ್ರಿಗೆ ಸಮಯವಿಲ್ಲ ದಾದಾ, ಕಾಫಿ ಕುಡಿದು ಹೊರಟೆವು, ಇನ್ನೊಂದು ದಿನ ತೋರಿಸೋಣ ಎಂದು ಕಾಕು ಹೇಳುತ್ತಿದ್ದರು. ಅಪ್ಪ ಚೀಲಗಳನ್ನು ಕೆಳಗಿಟ್ಟು ಏದುಸಿರು ಬಿಡುತ್ತಾ ನನ್ನನ್ನು ಕೇಳಿದರು.

“ಗವಸು ತೆಗೀಲಿಲ್ಲ ಅಲ್ವಾ?”

“ಇಲ್ಲ” ಎಂದೆ.

ಅಪ್ಪ ನಿಟ್ಟುಸಿರುಬಿಟ್ಟು ನಕ್ಕರು. ಬಚಾವಾದೆವು ಎಂದರು. ಅಮ್ಮ ಚೀಲದಿಂದ ತೆಂಗಿನಕಾಯಿ ತೆಗೆದುಕೊಂಡು ಒಳಗೆ ಹೋದಳು.

ಹದಿನೈದು ದಿನಗಳಲ್ಲಿ ಅಪ್ಪ ಕಾರ್ಯದರ್ಶಿ ಸ್ಥಾನ ಬಿಟ್ಟರು. ರಕ್ತದೊತ್ತಡ ಎಂದರು. ಡಾಕ್ಟರು ಮೈಕಿನಲ್ಲಿ ಕೂಗುವುದು ಬೇಡ, ಉಪ್ಪು ಬೇಡ ಎಂದಿದ್ದಾರಂತೆ. ಅಪ್ಪ ಉಪ್ಪಿನ ಮನುಷ್ಯ. ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಇದ್ದರೆ ಬೇರೆ ಪಲ್ಯ ಬೇಡ ಅವರಿಗೆ. ಅಂದಿನಿಂದ ಅಮ್ಮ ಅವರಿಗೆ ಒಂದು ಚಿಕ್ಕ ಹಿತ್ತಾಳೆ ಪಾತ್ರೆಯಲ್ಲಿ ಸಪ್ಪೆ ಸಾರು ಬೇರೆ ಮಾಡತೊಡಗಿದಳು. ಅಪ್ಪ ನನ್ನ ಎದುರು ಕೂತು ಅದನ್ನು ಅನ್ನಕ್ಕೆ ಸುರಿದುಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದರು. ದಿನಕ್ಕೊಂದು ಮಾತ್ರೆಯನ್ನೂ ನುಂಗುತ್ತಿದ್ದರು. ನನಗೆ ಪಾಪ ಎನಿಸುತ್ತಿತ್ತು. ಅದರ ಜೊತೆಗೆ, ನನ್ನಿಂದ ಏನೂ ಆಗಲಿಲ್ಲ, ಕಾಕು ಬಾಯಿ ಬಿಟ್ಟಿಲ್ಲ, ಇದು ಕಾಯಿಲೆ ಅಷ್ಟೇ ಎಂದು ಸಮಾಧಾನವೂ ಆಗುತ್ತಿತ್ತು. ಆ ಸಮಾಧಾನದಲ್ಲಿ ನಾನು ಚೆನ್ನಾಗಿಯೇ ಕೆಲಸ ಮಾಡಿದೆ.

ಕೆಲಸ ಬೆಳೆಯಿತು. ಪೂಜೆಯ ಕ್ಯಾಸೆಟ್ಟುಗಳು, ರೇಡಿಯೋದ ಜಾಹೀರಾತುಗಳು, ಜಾತ್ರಾ ನಾಟಕದ ಕಂಪನಿಗಳಿಗೆ ಗುಡುಗು ಮಿಂಚು ಯುದ್ಧ. ಹೊಸ ಯಂತ್ರಗಳು ಬಂದವು. ಸ್ಟುಡಿಯೋಗಳಲ್ಲಿ ಮೊದಲು ಆರು ಜನ ವಾದ್ಯದವರು ಕೂರುತ್ತಿದ್ದ ಬೆಂಚಿನಲ್ಲಿ ಮೂವರು ಕೂರತೊಡಗಿದರು, ಆಮೇಲೆ ಒಬ್ಬರು, ಆಮೇಲೆ ನನ್ನ ಚೀಲ. ಗೇಟಿನಲ್ಲಿ ಅಪ್ಪ ಹೇಳುತ್ತಿದ್ದದ್ದು ಬ್ಯಾಂಕಿನಲ್ಲಿ ಏನಾಯಿತೋ, ನನ್ನ ಕಣ್ಣೆದುರು ಮಾತ್ರ ಅಕ್ಷರಶಃ ಆಯಿತು. ಆ ಬಗ್ಗೆ ಮನೆಯಲ್ಲಿ ಒಂದು ದಿನವೂ ಮಾತು ಬರಲಿಲ್ಲ. ಒಳಚೀಟಿಗಳಲ್ಲಿ ಈಗ ನನಗೆ ಬೇಕಾದ್ದನ್ನೇ ಬರೆಯುತ್ತಿದ್ದರು. ಆದರೆ ಆ ಕ್ಯಾಸೆಟ್ಟುಗಳನ್ನು ಅಪ್ಪ ಆಫೀಸಿಗೆ ಒಯ್ಯುತ್ತಿರಲಿಲ್ಲ. ಬಾಲಿಗಂಜಿನಲ್ಲಿ ಒಂದು ಕೋಣೆ ಹಿಡಿದು ನನ್ನದೇ ಸ್ಟುಡಿಯೋ ಮಾಡಿಕೊಂಡು ಅಲ್ಲಿಗೇ ಹೋದೆ. ಭಾನುವಾರ ಮಾತ್ರ ಊಟಕ್ಕೆ ಮನೆಗೆ ಬರುತ್ತಿದ್ದೆ. ಮೊದಲಿನ ಆ ಹಳೆಯ ಯಂತ್ರ ಕೆಟ್ಟು ನಿಂತಿತ್ತು, ಆದರೂ ಗವಸು ಹೊದ್ದು ಮುಂದಿನ ಕೋಣೆಯಲ್ಲೇ ಕೂತಿತ್ತು.

ಕಾಕು ಬರುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ, ಅಪ್ಪ ಪಕ್ಕದಲ್ಲಿರುವಾಗಲೇ, ಆ ಗವಸಿನ ಕಡೆ ನೋಡಿ, “ಹಾರ್ಮೋನಿಯಂ ಹೇಗಿದೆ, ಮಾ?” ಎಂದು ಕೇಳುತ್ತಿದ್ದರು. ನಾನು, “ಚೆನ್ನಾಗಿದೆ, ಕಾಕು” ಎನ್ನುತ್ತಿದ್ದೆ. ಅಪ್ಪ ಪೇಪರಿನಿಂದ ಮುಖ ಎತ್ತದೆ, “ಒಂದು ರೀಡ್ ಸರಿ ಮಾಡಿಸ್ಬೇಕು” ಎಂದು ಹರಕು ಬಂಗಾಳಿಯಲ್ಲಿ ಸೇರಿಸುತ್ತಿದ್ದರು. ಎಲ್ಲ ಗೊತ್ತಿರುವ ಗೆಳೆಯನ ಮುಂದೆ, ಏನೂ ಗೊತ್ತಿಲ್ಲದ ಅಪ್ಪ ಅದೇ ಸುಳ್ಳನ್ನು ಮತ್ತೆ ಮತ್ತೆ ಹೇಳುವುದನ್ನು ನಾನು ಕೇಳುತ್ತಾ ಕೂರಬೇಕಿತ್ತು. ಕಾಕು ನನ್ನನ್ನು ಬೇಕೆಂದೇ ಚುಚ್ಚುತ್ತಿದ್ದಾರೆ ಎಂದುಕೊಂಡೆ. ಅವರನ್ನು ಮನಸಾರೆ ದ್ವೇಷಿಸಿದೆ. ಅವರು ಬರುವ ಭಾನುವಾರ ನನಗೆ ರೆಕಾರ್ಡಿಂಗ್ ಇರುತ್ತಿತ್ತು, ಇಲ್ಲದಿದ್ದರೂ ಇರುತ್ತಿತ್ತು.

ಅಪ್ಪ ನಿವೃತ್ತರಾಗುವ ಹೊತ್ತಿಗೆ ಅವರ ಶಾಖೆಗೂ ಕಂಪ್ಯೂಟರ್ ಬಂದಾಗಿತ್ತು. ಅಪ್ಪ ಅಮ್ಮ ಉಡುಪಿಯಲ್ಲಿ ಅತ್ತೆಯ ಮನೆಯ ಹತ್ತಿರ ಒಂದು ಬಾಡಿಗೆ ಮನೆ ನೋಡಿದರು. ಹೊರಡುವ ಹಿಂದಿನ ದಿನ ನಾನು ಅಡುಗೆಮನೆಯ ಸಾಮಾನು ಕಟ್ಟಲು ಹೋದೆ. ಬೇಕಾದ್ದು ಒಂದು ಕಡೆ, ಇಲ್ಲೇ ಬಿಡುವುದು ಒಂದು ಕಡೆ. ಬಿಡುವ ರಾಶಿಯಲ್ಲಿ ಆ ಚಿಕ್ಕ ಹಿತ್ತಾಳೆ ಪಾತ್ರೆ ಇತ್ತು.

“ಅಮ್ಮ, ಅಪ್ಪನ ಸಪ್ಪೆ ಸಾರಿನ ಪಾತ್ರೆ ಬೇಡವಾ?”

“ಬೇಡ. ಅಲ್ಲಿ ಯಾರಿಗೆ ತೋರಿಸ್ಲಿಕ್ಕೆ?”

ಹೇಳಿದ ಮೇಲೆ ಅಮ್ಮನ ಕೈ ನಿಂತಿತು. ಅಮ್ಮ ಹಳೆಯ ಪೇಪರಿನಲ್ಲಿ ಒಂದು ಲೋಟವನ್ನು ಬಹಳ ಹೊತ್ತು ಸುತ್ತಿದಳು.

“ಇನ್ನು ಹೇಳಿದ್ರೆ ತೊಂದ್ರೆ ಇಲ್ಲ” ಎಂದಳು. “ಅವತ್ತು ನೀನು ಇಲ್ಲ ಅಂದಿಯಲ್ಲ, ಗವಸು ತೆಗೀಲಿಲ್ಲ ಅಂತ. ಅವತ್ತು ಸಂಜೆಯೇ ನಾನು ಅವರಿಗೆ ಹೇಳಿದೆ. ಗಂಡನ ಹತ್ರ ಹೇಗೆ ಮುಚ್ಚಿಡುದು? ನೀನು ಹೇಳಿದ ಮಾತು ಸಮೇತ ಹೇಳಿದೆ.”

ಅಪ್ಪ ಏನೆಂದರು ಎಂದು ಕೇಳಿದೆ.

“ಎಂತ ಹೇಳುದು. ಮಗಳು ಹೇಳಿದ್ದು ಸರಿ ಉಂಟು ಅಂದ್ರು. ಎಲ್ಲಾ ಗೊತ್ತಿದ್ದ ಒಬ್ಬ ಎದುರು ನಿಂತಿರುವಾಗ ಮೈಕಿನಲ್ಲಿ ಮಾತಾಡ್ಲಿಕ್ಕೆ ನನ್ನಿಂದ ಆಗುದಿಲ್ಲ ಅಂದ್ರು. ಬಿಟ್ರು. ಕಾಕು ಮನೆಗೆ ಬಂದು ಕೈ ಹಿಡ್ಕೊಂಡು ಹೇಳಿದ್ರು, ದಾದಾ, ನಾನು ನೋಡಿದ್ದು ಹಾರ್ಮೋನಿಯಂ, ಬೇರೆ ಎಂತದೂ ನೋಡ್ಲಿಲ್ಲ, ನೀವು ಬಿಡ್ಬೇಡಿ ಅಂತ. ಇವರು ಕೇಳ್ಬೇಕಲ್ಲ.”

“ಬಿಪಿ?”

“ಬಿಪಿಯೂ ಇಲ್ಲ ಗಿಪಿಯೂ ಇಲ್ಲ. ಮಾತ್ರೆ ಬಿ ಕಾಂಪ್ಲೆಕ್ಸ್. ಸುಮ್ಮನೆ ಬಿಟ್ರೆ ನಿನಗೆ ಗೊತ್ತಾಗ್ತದಲ್ಲ ಯಾಕೆ ಬಿಟ್ಟದ್ದು ಅಂತ. ಮಗು ಕೆಲಸಕ್ಕೆ ಇಳಿದ ಸಮಯ, ಅದರ ಮನಸ್ಸಿಗೆ ಹತ್ತಬಾರ್ದು ಅಂದ್ರು. ನೀನು ಬಾಲಿಗಂಜಿಗೆ ಹೋದ ಮೇಲೆ ಭಾನುವಾರ ಮಾತ್ರ ಮಾಡಿದ್ರೆ ಸಾಕು ಅಂದೆ ನಾನು. ಬೇಡ, ಅಭ್ಯಾಸ ತಪ್ಪಿದ್ರೆ ಅದರ ಎದುರು ಮುಖದಲ್ಲಿ ಗೊತ್ತಾಗ್ತದೆ ಅಂದ್ರು.”

ಅಮ್ಮ ಲೋಟವನ್ನು ಪೆಟ್ಟಿಗೆಯಲ್ಲಿಟ್ಟಳು. ಎಷ್ಟು ಊಟ? ಲೆಕ್ಕ ಹಾಕಲು ಧೈರ್ಯ ಬರಲಿಲ್ಲ. ನಾನು ಇಲ್ಲ ಎಂದು ಸುಳ್ಳು ಹೇಳಿದ್ದು ಗೊತ್ತಿದ್ದೂ ಅಪ್ಪ ಇಷ್ಟು ವರ್ಷ ನನ್ನ ಎದುರು ಕೂತು ಸಪ್ಪೆ ಅನ್ನ ಉಂಡಿದ್ದರು. ನಾನು ಎದುರಿನ ತಟ್ಟೆಯಲ್ಲಿ ಉಪ್ಪಿನಕಾಯಿ ನೆಕ್ಕುತ್ತಿದ್ದೆ. ಕಾಕು ಕೇಳುತ್ತಿದ್ದ ಪ್ರಶ್ನೆ ನನಗಾಗಿ ಇರಲೇ ಇಲ್ಲ. ನಾನು ಇನ್ನೂ ಹಾರ್ಮೋನಿಯಂ ಎಂದೇ ನೋಡುತ್ತಿದ್ದೇನೆ ದಾದಾ ಎಂದು ಅವರು ಅಪ್ಪನಿಗೆ ಹೇಳುತ್ತಿದ್ದರು. ನಾನು ಅದನ್ನು ಚುಚ್ಚುಮಾತು ಎಂದುಕೊಂಡಿದ್ದೆ, ನನಗೆ ಚುಚ್ಚುವುದು ಗೊತ್ತಿತ್ತಲ್ಲ.

ಮರುದಿನ ಬೆಳಗ್ಗೆ ಬೇಗ ಎದ್ದು ಪ್ರಯಾಣದ ಬುತ್ತಿಗೆ ನಾನೇ ಪುಳಿಯೋಗರೆ ಮಾಡಿದೆ. ಒಂದೇ ಪಾತ್ರೆಯಲ್ಲಿ, ಇಬ್ಬರಿಗೂ ಸೇರಿಸಿ. ಉಪ್ಪು ಹಾಕಿ ನೋಡಿ, ಇನ್ನೊಂದು ಚಿಟಿಕೆ ಹಾಕಿದೆ.

ಹೌರಾ ಸ್ಟೇಷನ್ನಿಗೆ ಕಾಕು ಬಂದಿದ್ದರು. ಅವರಿಗೂ ವಯಸ್ಸಾಗಿತ್ತು, ಕೈಯಲ್ಲಿ ಕೋಲು ಇತ್ತು. ಇನ್ನೊಂದು ಕೈಯಲ್ಲಿ ದಾರಿಗೆಂದು ಸಂದೇಶಿನ ಡಬ್ಬಿ. ಅಪ್ಪ ಅಮ್ಮ ಕಿಟಕಿಯ ಪಕ್ಕ ಕೂತ ಮೇಲೆ ನಾನು ಬುತ್ತಿಯನ್ನು ಸರಳುಗಳ ಸಂದಿಯಿಂದ ಕೊಟ್ಟೆ.

“ಅಪ್ಪ, ಉಪ್ಪು ಸರಿಯಾಗಿ ಹಾಕಿದ್ದೇನೆ” ಎಂದೆ.

ಅಪ್ಪ ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಮ್ಮನ ಕಡೆ ತಿರುಗಿದರು. ಅಮ್ಮ ಆಚೆ ನೋಡಿದಳು. ಅಪ್ಪನಿಗೆ ಅರ್ಥವಾಯಿತು. ಬುತ್ತಿಯ ಗಂಟನ್ನು ಬಿಗಿ ಇದೆಯೇ ಎಂದು ಎಳೆದು ನೋಡಿದರು.

ಆಗಲೇ ಕಾಕು, ಕೊನೆಯ ಸಲ, ಅಭ್ಯಾಸದಂತೆ ಕೇಳಿದರು.

“ಹಾರ್ಮೋನಿಯಂ ಏನು ಮಾಡಿದೆ, ಮಾ? ಹೇಗಿದೆ ಅದು?”

ರಾತ್ರಿಯೆಲ್ಲ ನಾನು ಈ ಪ್ರಶ್ನೆಗೇ ಸಿದ್ಧಳಾಗಿದ್ದೆ. ಇಬ್ಬರೂ ಇರುವಾಗ, ಇಬ್ಬರ ಎದುರು ಹೇಳಿಬಿಡಬೇಕು. ಹೇಳಿ, ಕ್ಷಮೆ ಕೇಳಿ, ಹಗುರಾಗಬೇಕು.

“ಕಾಕು, ಅದು ಹಾರ್ಮೋನಿಯಂ...”

“ಒಂದು ರೀಡ್ ಹೋಗಿದೆ” ಎಂದರು ಅಪ್ಪ. ಗೇಟಿನಲ್ಲಿ ಮಾತಾಡುತ್ತಿದ್ದ ದನಿಯಲ್ಲಿ ಜೋರಾಗಿಯೇ ಹೇಳಿದರು, ಪಕ್ಕದ ಕಿಟಕಿಯವರು ತಿರುಗಿ ನೋಡುವಷ್ಟು. “ಬೇರೆ ಎಲ್ಲ ಸರಿ ಇದೆ ದಾದಾ. ಒಂದು ರೀಡ್, ಅಷ್ಟೇ.”

“ಹಾಗಾದರೆ ಮಾಡಿಸಿಕೋ, ಮಾ” ಎಂದರು ಕಾಕು.

ಅಪ್ಪ ನನ್ನನ್ನು ನೋಡುತ್ತಿದ್ದರು. ಬೈಯುವ ನೋಟವಲ್ಲ, ಕ್ಷಮಿಸುವ ನೋಟವೂ ಅಲ್ಲ. ನನ್ನ ಮನಸ್ಸು ಹಗುರಾಗಲಿ ಎಂದು ಆ ಮುದುಕ ಗೆಳೆಯನನ್ನು ಸುಳ್ಳುಗಾರನನ್ನಾಗಿ ಮಾಡಬೇಡ ಎಂದು ನಾನು ಅರ್ಥ ಮಾಡಿಕೊಂಡೆ. “ಮಾಡಿಸುತ್ತೇನೆ, ಕಾಕು” ಎಂದೆ. ಗಾಡಿ ಹೊರಟಿತು.

ಎರಡು ವಾರದ ಮೇಲೆ ಅಮ್ಮನ ಕಾಗದ ಬಂತು. ಮನೆ ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ, ಅತ್ತೆ ದಿನಾ ಬರುತ್ತಾಳೆ ಎಂದೆಲ್ಲ ಬರೆದು, ಕೊನೆಯಲ್ಲಿ ಹೀಗೆ ಸೇರಿಸಿದ್ದಳು: “ನೀನು ಕಟ್ಟಿಕೊಟ್ಟ ಪುಳಿಯೋಗರೆ ಅಪ್ಪನಿಗೆ ತಿನ್ನಲಿಕ್ಕೆ ಆಗಲಿಲ್ಲ. ಉಪ್ಪು ತಡೆಯುವುದಿಲ್ಲವಂತೆ, ಇಷ್ಟು ವರ್ಷದಲ್ಲಿ ನಾಲಿಗೆಗೆ ಅಭ್ಯಾಸ ಹೋಗಿದೆ. ಆದರೂ ನೀರು ಕುಡಿದು ಕುಡಿದು ಮುಗಿಸಿದರು. ನಿನಗೆ ಹೇಳಬಾರದು ಅಂದಿದ್ದಾರೆ.”